ಎಲ್ಲವನ್ನೂ ದೇವರಿಗೆ ಒಪ್ಪಿಸಿದ್ದೇನೆ, ಆದರೂ ನೆಮ್ಮದಿ ಯಾಕಿಲ್ಲ?

ಪ್ರಶ್ನೆ: ನನಗೆ 43 ವರ್ಷ. ದಾವಣಗೆರೆಯಲ್ಲಿ ಒಂದು ಶಾಲೆಯ ಆಫೀಸಿನಲ್ಲಿ ಕೆಲಸ. ನಮ್ಮವರದು ಸಣ್ಣ ಲೇತ್ ವರ್ಕ್‌ಶಾಪ್ ಇತ್ತು. ಕೆಲಸ ಬರದೆ ಕಳೆದ ದೀಪಾವಳಿ ಹೊತ್ತಿಗೆ ಬಾಗಿಲು ಹಾಕಿದೆವು. ಮನೆ ಪತ್ರ ಇಟ್ಟು ತೆಗೆದ ಬ್ಯಾಂಕ್ ಸಾಲ ಹಾಗೇ ಇದೆ. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಇಬ್ಬರೂ ಮೊಣಕಾಲೂರಿ ನಮ್ಮ ಜೀವನವನ್ನು ಪೂರ್ತಿ ದೇವರ ಕೈಗೆ ಒಪ್ಪಿಸಿದೆವು. ನನಗೆ ಸಿಕ್ಕ ವಾಗ್ದಾನದ ಕಾರ್ಡಿನಲ್ಲಿ 37ನೇ ಕೀರ್ತನೆಯ 5ನೇ ವಚನ ಇತ್ತು, ಭಾರವನ್ನು ಯೆಹೋವನಿಗೆ ವಹಿಸಿಬಿಡು ಅನ್ನುವುದು. ಅಂದಿನಿಂದ ನಮ್ಮವರು ಕೆಲಸ ಹುಡುಕುವುದನ್ನೇ ಬಿಟ್ಟಿದ್ದಾರೆ. ದೇವರು ದಾರಿ ತೆರೆಯುವವರೆಗೆ ಕಾಯಬೇಕು ಅನ್ನುತ್ತಾರೆ. ಬ್ಯಾಂಕಿನಿಂದ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದು ಕವರ್ ಬಂದು 20 ದಿನ ಆಯ್ತು. ಅದನ್ನು ಒಡೆಯದೆ ಸತ್ಯವೇದದೊಳಗೆ ಇಟ್ಟು ದಿನಾ ಪ್ರಾರ್ಥನೆ ಮಾಡುತ್ತಾರೆ. ಒಡೆಯಲು ನನಗೂ ಧೈರ್ಯ ಇಲ್ಲ. ನಾನು ಹೋಗುವ ಪ್ರಾರ್ಥನಾ ಗುಂಪಿನ ಅಕ್ಕ ಒಬ್ಬರು, ನೀನು ಇನ್ನೂ ಪೂರ್ತಿ ಒಪ್ಪಿಸಿಲ್ಲ, ಅದಕ್ಕೇ ಸಮಾಧಾನ ಇಲ್ಲ, ಮೊದಲು ಥೈರಾಯ್ಡ್ ಮಾತ್ರೆ ಬಿಡು ಅಂದರು. ಬಿಟ್ಟು ಆರು ವಾರ ಆಯ್ತು. ರಾತ್ರಿ ಎಲ್ಲ ಒಪ್ಪಿಸಿ ಮಲಗುತ್ತೇನೆ. ಮೂರು ಗಂಟೆಗೆ ಎಚ್ಚರ ಆಗುತ್ತದೆ. ಅಡುಗೆಮನೆಯಲ್ಲಿ ಕೂತು ಮಗನ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಸಾಲದ ಲೆಕ್ಕ ಹಾಕುತ್ತೇನೆ. ಮಗ ಸೆಕೆಂಡ್ ಪಿಯುಸಿ. ಅವನಿಗೆ ಬಿ.ಕಾಂ. ಇಷ್ಟವಂತೆ, ಆದರೆ ಹೇಗಾದರೂ ಇಂಜಿನಿಯರಿಂಗ್‌ಗೆ ಸೇರಿಸಲೇಬೇಕು ಅಂತ ನನ್ನ ಆಸೆ. ಒಪ್ಪಿಸಿದ್ದನ್ನು ದಿನಾ ವಾಪಸ್ ತಗೊಳ್ಳುತ್ತಿದ್ದೇನೆ ಅನಿಸುತ್ತದೆ. ನನ್ನ ನಂಬಿಕೆ ಸುಳ್ಳಾ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾನು 14 ವರ್ಷ ಸಭಾಪಾಲಕನಾಗಿದ್ದೆ. ಆಮೇಲೆ ಒಂದು ಆಸ್ಪತ್ರೆಯಲ್ಲಿ ರೋಗಿಗಳು ಮತ್ತು ಅವರ ಮನೆಯವರ ಜೊತೆ ಕೂತು ಮಾತಾಡುವ, ಪ್ರಾರ್ಥಿಸುವ ಕೆಲಸಕ್ಕೆ ಬಂದೆ. ಈ ಎರಡೂ ಕಡೆ ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆಗಳಲ್ಲಿ ನಿಮ್ಮದೂ ಒಂದು. ನಿಮ್ಮ ನಂಬಿಕೆ ಸುಳ್ಳಲ್ಲ. ಯಾಕೆ ಅಂತ ಹೇಳುತ್ತೇನೆ. ಆದರೆ ಅದಕ್ಕಿಂತ ಮೊದಲು ಮಾತ್ರೆಯ ವಿಷಯ, ಯಾಕೆಂದರೆ ಅದು ಕಾಯುವಂಥದ್ದಲ್ಲ.

ನೀವು ತಗೊಳ್ಳುತ್ತಿದ್ದದ್ದು ಥೈರಾಕ್ಸಿನ್ ಇರಬೇಕು. ಥೈರಾಯ್ಡ್ ಗ್ರಂಥಿ ಕಡಿಮೆ ಕೆಲಸ ಮಾಡುವವರಿಗೆ ಸಾಮಾನ್ಯವಾಗಿ ಕೊಡುವುದು ಅದನ್ನೇ. ಈ ಮಾತ್ರೆಯ ಗುಣ ಏನೆಂದರೆ, ಬಿಟ್ಟ ಕೂಡಲೇ ಏನೂ ಆಗುವುದಿಲ್ಲ. ರಕ್ತದಲ್ಲಿರುವ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು ಏಳು ದಿನ ಬೇಕು, ಉಳಿದ ಅರ್ಧದಲ್ಲಿ ಅರ್ಧ ಇಳಿಯಲು ಇನ್ನೂ ಏಳು ದಿನ. ಹಾಗಾಗಿ ಮೊದಲ ಒಂದೆರಡು ವಾರ ಚೆನ್ನಾಗಿಯೇ ಇರುತ್ತೀರಿ. ವಾಸಿಯಾಯ್ತು ಅಂತ ಸಭೆಯಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದವರನ್ನು ನಾನು ನೋಡಿದ್ದೇನೆ, ಎರಡು ತಿಂಗಳ ನಂತರ ಮುಖ ಊದಿಕೊಂಡು, ಮೆಟ್ಟಿಲು ಹತ್ತಲು ಆಗದೆ ಆಸ್ಪತ್ರೆಗೆ ಬಂದದ್ದನ್ನೂ ನೋಡಿದ್ದೇನೆ. ಸುಸ್ತು, ಮೈಭಾರ, ಚಳಿ ತಡೆಯದಿರುವುದು, ಮನಸ್ಸು ಮಂಕಾಗುವುದು, ಇವೆಲ್ಲ ನಿಧಾನವಾಗಿ ಬರುತ್ತವೆ. ಈಗ ಯೋಚಿಸಿ. ಮಾತ್ರೆ ಬಿಟ್ಟದ್ದರಿಂದ ಮನಸ್ಸು ಮಂಕಾದರೆ, ಆ ಮಂಕನ್ನೇ ತೋರಿಸಿ ನಿನ್ನ ನಂಬಿಕೆ ಸಾಲದು ಅನ್ನುತ್ತಾರೆ. ನೀವು ಇನ್ನೂ ಹೆಚ್ಚು ಬಿಡಲು ಹೊರಡುತ್ತೀರಿ. ಆರು ವಾರ ಅಂದರೆ ಈ ಸುಳಿಯ ಬಾಯಲ್ಲೇ ಇದ್ದೀರಿ. ನಾಳೆ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಆರು ವಾರ ಬಿಟ್ಟಿದ್ದೆ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಟಿಎಸ್‌ಎಚ್ ರಕ್ತಪರೀಕ್ಷೆ ಮಾಡಿಸಿ, ಎಷ್ಟು ಡೋಸಿನಿಂದ ಮತ್ತೆ ಶುರು ಮಾಡಬೇಕು ಅಂತ ಅವರೇ ಹೇಳುತ್ತಾರೆ. ಮೂರು ಗಂಟೆಗೆ ಎಚ್ಚರವಾಗುವುದು ದಿನಾ ನಡೆಯುತ್ತಿದ್ದರೆ ಅದನ್ನೂ ಅವರಿಗೆ ಹೇಳಿ. ಅದು ಖಿನ್ನತೆಯ ಒಂದು ಗುರುತೂ ಆಗಿರಬಹುದು. ಸಾಕು ಈ ಬದುಕು ಅನ್ನುವ ಯೋಚನೆ ಒಮ್ಮೆಯಾದರೂ ಬಂದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿಯೂ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಈಗ ನೆಮ್ಮದಿಯ ಪ್ರಶ್ನೆ.

ಪೂರ್ತಿ ಒಪ್ಪಿಸಿದವರಿಗೆ ಸಮಾಧಾನ ಬಂದೇ ಬರುತ್ತದೆ, ಬರಲಿಲ್ಲ ಅಂದರೆ ಒಪ್ಪಿಸಿಲ್ಲ, ಈ ಮಾತು ನಮ್ಮ ಸಭೆಗಳಲ್ಲಿ ತುಂಬ ಓಡಾಡುತ್ತದೆ. ಸತ್ಯವೇದಕ್ಕೆ ಇದನ್ನು ತಾಳೆ ಹಾಕಿ ನೋಡಿ. ಕ್ರೈಸ್ತರಿಗೆ ಒಪ್ಪಿಸಿಕೊಡುವುದು ಅಂದರೆ ಮೊದಲು ನೆನಪಾಗುವುದು ಗೆತ್ಸೆಮನೆ ತೋಟ, ಅಲ್ವಾ? ನನ್ನ ಚಿತ್ತವಲ್ಲ, ನಿನ್ನ ಚಿತ್ತ ಅಂತ ಯೇಸು ಪ್ರಾರ್ಥಿಸಿದ ರಾತ್ರಿ. ಆ ರಾತ್ರಿ ಆತನ ಬೆವರು ರಕ್ತದ ಹನಿಗಳ ಹಾಗೆ ನೆಲಕ್ಕೆ ಬಿತ್ತು ಅಂತ ಲೂಕ ಬರೆಯುತ್ತಾನೆ. ಮತ್ತಾಯನ ಸುವಾರ್ತೆ 26ನೇ ಅಧ್ಯಾಯದ 44ನೇ ವಚನ ತೆಗೆದು ನೋಡಿ. ಆತ ಮೂರನೆಯ ಸಲ ಹೋಗಿ ಅದೇ ಮಾತನ್ನು ಹೇಳಿ ಪ್ರಾರ್ಥಿಸಿದ. ಅದೇ ಮಾತು, ಮೂರು ಸಲ. ಒಂದು ಸಲ ಒಪ್ಪಿಸಿ ಎದ್ದು ಬಂದ, ಶಿಷ್ಯರು ಮಲಗಿದ್ದನ್ನು ನೋಡಿದ, ಮತ್ತೆ ಹೋದ. ನೀವು ರಾತ್ರಿ ಒಪ್ಪಿಸಿ ಮೂರು ಗಂಟೆಗೆ ಮತ್ತೆ ಒಪ್ಪಿಸಬೇಕಾಗಿ ಬರುವುದನ್ನು ವಾಪಸ್ ತಗೊಳ್ಳುವುದು ಅಂತ ಯಾಕೆ ಕರೆಯುತ್ತೀರಿ? ಭಯ ಮೈಯಲ್ಲಿರುತ್ತದೆ. ಮೈ ಒಂದೇ ರಾತ್ರಿಯಲ್ಲಿ ಮಾತು ಕೇಳುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಕವರ್. ಸತ್ಯವೇದದೊಳಗೆ ಇಟ್ಟ, ಒಡೆಯದ ಕವರ್. ಅದನ್ನು ಓದಿದ ಕೂಡಲೇ ನನಗೆ ಹಿಜ್ಕೀಯ ನೆನಪಾದ.

ಹಿಜ್ಕೀಯ ಯೆಹೂದದ ಅರಸ. ಕ್ರಿಸ್ತಪೂರ್ವ 701ರಲ್ಲಿ ಅಶ್ಶೂರದ ಅರಸ ಸನ್ಹೇರೀಬ ಅವನ ದೇಶದ ಮೇಲೆ ಬಿದ್ದ. 46 ಕೋಟೆ ಊರುಗಳನ್ನು ಹಿಡಿದೆ, ಹಿಜ್ಕೀಯನನ್ನು ಪಂಜರದ ಹಕ್ಕಿಯ ಹಾಗೆ ಯೆರೂಸಲೇಮಿನಲ್ಲಿ ಕೂಡಿಹಾಕಿದೆ ಅಂತ ಸನ್ಹೇರೀಬನೇ ಬರೆಸಿದ ಮಣ್ಣಿನ ಶಾಸನ ಇವತ್ತಿಗೂ ಉಳಿದಿದೆ. ಹಿಜ್ಕೀಯ ಅದಕ್ಕೂ ಮೊದಲು ದುಡ್ಡು ಕೊಟ್ಟು ತಪ್ಪಿಸಿಕೊಳ್ಳಲು ನೋಡಿದ್ದ. ಬೆಳ್ಳಿ, ಬಂಗಾರ ಕೊಟ್ಟ, ಸಾಲದ್ದಕ್ಕೆ ದೇವಾಲಯದ ಬಾಗಿಲುಗಳ ಬಂಗಾರದ ತಗಡನ್ನೂ ಕಿತ್ತು ಕೊಟ್ಟ. ಆದರೂ ಬೆದರಿಕೆಯ ಪತ್ರ ಬಂತು. ಆಗ ಏನು ಮಾಡಿದ ಅನ್ನುವುದು 2 ಅರಸುಗಳು 19ನೇ ಅಧ್ಯಾಯದ 14ನೇ ವಚನದಲ್ಲಿದೆ. ದೂತರ ಕೈಯಿಂದ ಪತ್ರ ತಗೊಂಡ. ಓದಿದ. ದೇವಾಲಯಕ್ಕೆ ಹೋದ. ಯೆಹೋವನ ಮುಂದೆ ಅದನ್ನು ಬಿಚ್ಚಿ ಹರಡಿದ.

ಓದಿದ ಮೇಲೆ ಹರಡಿದ, ಸಹೋದರಿ. ಮಡಚಿ ಇಡಲಿಲ್ಲ. ಆಮೇಲಿನ ಅವನ ಪ್ರಾರ್ಥನೆ ಓದಿ, ಅದರಲ್ಲಿ ವಿವರ ಇದೆ. ಅಶ್ಶೂರದ ಅರಸರು ದೇಶಗಳನ್ನು ಹಾಳುಮಾಡಿದ್ದು ನಿಜ ಅಂತ ಒಪ್ಪಿಕೊಳ್ಳುತ್ತಾನೆ. ಪರಿಸ್ಥಿತಿ ಎಷ್ಟು ಕೆಟ್ಟಿದೆ ಅಂತ ಗೊತ್ತಿದ್ದು ಕೇಳುವವನ ಪ್ರಾರ್ಥನೆ ಅದು.

ನಮ್ಮ ಕನ್ನಡದಲ್ಲಿ ಒಪ್ಪಿಸುವುದು ಅನ್ನುವ ಮಾತನ್ನೇ ಸ್ವಲ್ಪ ಗಮನಿಸಿ. ಮಗು ಪಾಠ ಒಪ್ಪಿಸುತ್ತದೆ. ಸೊಸೈಟಿಯ ಕಾರ್ಯದರ್ಶಿ ಸಭೆಗೆ ಲೆಕ್ಕ ಒಪ್ಪಿಸುತ್ತಾನೆ. ನಿಮ್ಮ ಶಾಲೆಯ ಆಫೀಸಿನಲ್ಲಿ ಯಾರಾದರೂ ವರ್ಗವಾಗಿ ಹೋದರೆ ಚಾರ್ಜ್ ಒಪ್ಪಿಸುತ್ತಾರೆ, ಅಲ್ವಾ? ಬೀರು ಎಷ್ಟು, ರಿಜಿಸ್ಟರ್ ಎಷ್ಟು, ಬೀಗದ ಕೈ ಎಷ್ಟು ಅಂತ ಒಂದೊಂದಾಗಿ ಎಣಿಸಿ ಕೊಡುತ್ತಾರೆ. ಎಲ್ಲಾ ಇದೆ ತಗೊಳ್ಳಿ ಅಂತ ಹೋಗಿಬಿಟ್ಟರೆ ಅದನ್ನು ಯಾರೂ ಚಾರ್ಜ್ ಒಪ್ಪಿಸಿದ್ದು ಅನ್ನುವುದಿಲ್ಲ. ನೀವು ಮೂರು ಗಂಟೆಗೆ ಎದ್ದು ಮಗನ ನೋಟ್‌ಬುಕ್ಕಿನಲ್ಲಿ ಹಾಕುವ ಲೆಕ್ಕವನ್ನು ನಂಬಿಕೆಯ ಸೋಲು ಅಂದುಕೊಂಡಿದ್ದೀರಿ. ನನಗೆ ಅನಿಸುವುದು ಬೇರೆ. ನಿಮ್ಮ ಮನೆಯಲ್ಲಿ ನಿಜವಾಗಿ ಒಪ್ಪಿಸುವ ಕೆಲಸ ಶುರುವಾಗಿರುವುದು ಆ ಹಾಳೆಯಲ್ಲೇ. ಅದು ಹೊತ್ತಲ್ಲದ ಹೊತ್ತಿನಲ್ಲಿ, ಒಬ್ಬರೇ ಕೂತು, ಅರ್ಧ ಅಂಕಿಗಳಿಂದ ನಡೆಯುತ್ತಿದೆ ಅಷ್ಟೆ, ಯಾಕೆಂದರೆ ಉಳಿದ ಅಂಕಿಗಳು ಕವರಿನೊಳಗಿವೆ.

ನಿಮಗೆ ಸಿಕ್ಕ ವಾಗ್ದಾನದ ವಚನವೂ ಇದನ್ನೇ ಹೇಳುತ್ತದೆ. 37ನೇ ಕೀರ್ತನೆಯ ಆ ಮಾತಿಗೆ ಹೀಬ್ರುವಿನಲ್ಲಿರುವ ಕ್ರಿಯಾಪದದ ಮೂಲ ಅರ್ಥ ಉರುಳಿಸು. ಆದಿಕಾಂಡ 29ರಲ್ಲಿ ಯಾಕೋಬ ಬಾವಿಯ ಬಾಯಿಂದ ಕಲ್ಲು ಉರುಳಿಸುವಲ್ಲಿ ಬರುವುದೂ ಅದೇ ಪದ. ಕಲ್ಲು ಉರುಳಿಸಬೇಕಾದರೆ ಭುಜ ಕೊಡಬೇಕು.

ಹಾಗಾದರೆ ಸುಮ್ನೆ ಕಾಯುವುದು ನಂಬಿಕೆಯೇ ಅಲ್ಲವಾ ಅಂತ ನಿಮ್ಮವರು ಕೇಳಬಹುದು. ಈ ಪ್ರಶ್ನೆ ಹಳೆಯದು. 17ನೇ ಶತಮಾನದಲ್ಲಿ ಮಿಗೆಲ್ ದೆ ಮೊಲಿನೋಸ್ ಅನ್ನುವ ಸ್ಪೇನಿನ ಪಾದ್ರಿ, ಆತ್ಮ ಪೂರ್ತಿ ನಿಷ್ಕ್ರಿಯವಾಗಿ ದೇವರ ಮುಂದೆ ಇದ್ದುಬಿಡಬೇಕು ಅನ್ನುವ ಬೋಧನೆ ಮಾಡಿದ. 1687ರಲ್ಲಿ ಪೋಪರು ಅವನ 68 ಹೇಳಿಕೆಗಳನ್ನು ತಪ್ಪು ಅಂತ ತಳ್ಳಿಹಾಕಿದರು. ನಮ್ಮ ಕಾಲದಲ್ಲಿ ಮನಶ್ಶಾಸ್ತ್ರಜ್ಞರೂ ಇದನ್ನು ನೋಡಿದ್ದಾರೆ. ಅಮೆರಿಕದ ಕೆನೆತ್ ಪಾರ್ಗಮೆಂಟ್ ಮತ್ತು ಜೊತೆಯವರು 1988ರಲ್ಲಿ, ನಂಬಿಕೆಯುಳ್ಳವರು ಕಷ್ಟವನ್ನು ನಿಭಾಯಿಸುವ ಮೂರು ರೀತಿಗಳನ್ನು ಗುರುತಿಸಿದರು: ಎಲ್ಲ ನಾನೇ ಮಾಡಿಕೊಳ್ಳುತ್ತೇನೆ ಅನ್ನುವವರು, ಎಲ್ಲ ದೇವರೇ ಮಾಡಲಿ ಅಂತ ಕೈಬಿಟ್ಟವರು, ದೇವರ ಜೊತೆ ಸೇರಿ ಮಾಡುವವರು. ಕೈಬಿಟ್ಟವರಲ್ಲಿ ತಮ್ಮ ಕೈಲಾಗುತ್ತದೆ ಅನ್ನುವ ಭಾವ ಕಡಿಮೆ ಇತ್ತು, ಜೊತೆ ಸೇರಿ ಮಾಡುವವರಲ್ಲಿ ಜಾಸ್ತಿ ಇತ್ತು. 2000ರಲ್ಲಿ ಬಂದ ಇನ್ನೊಂದು ಅಧ್ಯಯನ ಇದಕ್ಕೆ ನಾಲ್ಕನೆಯದನ್ನು ಸೇರಿಸಿತು, ಒಪ್ಪಿಸಿಕೊಡುವುದು ಅಂತ. ಕೈಬಿಡುವುದಕ್ಕೂ ಇದಕ್ಕೂ ಇರುವ ವ್ಯತ್ಯಾಸ ನೋಡಿ: ಇಲ್ಲಿ ಮನುಷ್ಯ ತನ್ನ ಪಾಲಿನದನ್ನು ಮಾಡುತ್ತಲೇ ಇರುತ್ತಾನೆ, ತನಗೆ ಬೇಕಾದದ್ದೂ ದೇವರ ಚಿತ್ತವೂ ಎದುರುಬದುರಾದಾಗ ಮಾತ್ರ ತನ್ನದನ್ನು ಬಿಟ್ಟುಕೊಡುತ್ತಾನೆ.

ಹಿಜ್ಕೀಯ ಹಾಗೆಯೇ ಇದ್ದ. ಗೀಹೋನ್ ಬುಗ್ಗೆಯ ನೀರನ್ನು ಊರೊಳಗೆ ತಿರುಗಿಸಿದ ಅಂತ 2 ಪೂರ್ವಕಾಲವೃತ್ತಾಂತ 32ರಲ್ಲಿದೆ. ಹೆಚ್ಚಿನ ವಿದ್ವಾಂಸರು ಅವನದೇ ಅಂತ ಗುರುತಿಸುವ ಸುರಂಗದಲ್ಲಿ ಇವತ್ತಿಗೂ ನೀರು ಹರಿಯುತ್ತದೆ, ಬಂಡೆಯಲ್ಲಿ ಕೊರೆದ 533 ಮೀಟರ್. 1880ರಲ್ಲಿ ಅದರ ಗೋಡೆಯ ಮೇಲೆ ಒಂದು ಹೀಬ್ರು ಶಾಸನ ಸಿಕ್ಕಿತು. ಎರಡು ತುದಿಯಿಂದ ಕೊರೆಯುತ್ತಾ ಬಂದ ಕೆಲಸಗಾರರಿಗೆ ನಡುವೆ ಬಂಡೆಯ ಆಚೆಯಿಂದ ಒಬ್ಬರ ದನಿ ಒಬ್ಬರಿಗೆ ಕೇಳಿಸಿದ್ದು, ಗುದ್ದಲಿಗೆ ಗುದ್ದಲಿ ಎದುರಾಗಿ ನೀರು ಹರಿದದ್ದು, ಅದನ್ನೆಲ್ಲ ಅದರಲ್ಲಿ ಬರೆದಿದ್ದಾರೆ. ಯೆರೂಸಲೇಮು ಆ ಸಲ ಬೀಳಲಿಲ್ಲ. ಕಾಪಾಡಿದ್ದು ಯೆಹೋವನೇ ಅಂತ ಸತ್ಯವೇದ ಹೇಳುತ್ತದೆ, ನಾನೂ ನಂಬುತ್ತೇನೆ. ಸುರಂಗ ಕೊರೆದವರ ಕೈಯಲ್ಲಿ ಬೊಬ್ಬೆ ಎದ್ದಿರಬೇಕು ಅನ್ನುವುದೂ ನನಗೆ ಅಷ್ಟೇ ಖಾತ್ರಿ.

ಮಾತ್ರೆಗೂ ಅವನ ಕಥೆಯಲ್ಲೇ ಉತ್ತರ ಇದೆ. ಹಿಜ್ಕೀಯನಿಗೆ ಸಾಯುವ ಹಾಗೆ ಕಾಯಿಲೆಯಾದಾಗ ದೇವರು ಅವನಿಗೆ 15 ವರ್ಷ ಕೂಡಿಸಿ ಕೊಡುತ್ತೇನೆ ಅಂತ ಪ್ರವಾದಿ ಯೆಶಾಯನ ಮೂಲಕ ಹೇಳಿದ. ಮಾತು ಸಿಕ್ಕಿಯಾಯ್ತು. ಮರುವಚನದಲ್ಲೇ ಯೆಶಾಯ, ಅಂಜೂರದ ಹಣ್ಣಿನ ಉಂಡೆ ತಂದು ಹುಣ್ಣಿನ ಮೇಲೆ ಹಚ್ಚಿ ಅನ್ನುತ್ತಾನೆ. ಆ ಕಾಲದ ಔಷಧಿ ಅದು. ನಿಮ್ಮ ಪ್ರಾರ್ಥನಾ ಗುಂಪಿನ ಅಕ್ಕನಿಗೆ ಈ ವಚನ ತೋರಿಸಿ, ಜಗಳಕ್ಕಲ್ಲ, ಅವರೂ ಓದಲಿ ಅಂತ. ಅವರು ಪ್ರೀತಿಯಿಂದಲೇ ಹೇಳಿರಬಹುದು. ಆದರೆ ಒಂದು ವಿಷಯದಲ್ಲಿ ನಾನು ಮೆತ್ತಗೆ ಮಾತಾಡಲಾರೆ. ದೇವರಿಗೆ ಒಪ್ಪಿಸುವುದು ಬೇರೆ, ದೇವರ ಹೆಸರಿನಲ್ಲಿ ಇನ್ನೊಬ್ಬ ಮನುಷ್ಯನ ಮಾತಿಗೆ ಒಪ್ಪಿಸಿಕೊಳ್ಳುವುದು ಬೇರೆ. ವೈದ್ಯರ ಹತ್ತಿರ ಹೋಗಬೇಡ, ಮನೆಯವರಿಗೆ ಹೇಳಬೇಡ, ಕೇಳಿದರೆ ನಂಬಿಕೆಯಿಲ್ಲ ಅನ್ನುವ ಜಾಗ ಯಾವುದೇ ಆಗಲಿ, ಅಲ್ಲಿಂದ ಎದ್ದು ಬನ್ನಿ. ಎಲ್ಲವನ್ನೂ ಪರಿಶೋಧಿಸಿ ಅಂತ ಪೌಲನೇ ಥೆಸಲೋನಿಕದವರಿಗೆ ಬರೆದಿದ್ದಾನೆ.

ಇನ್ನು ನಿಮ್ಮವರು. ಅವರನ್ನು ಸೋಮಾರಿ ಅಂದುಕೊಳ್ಳಬೇಡಿ. ವರ್ಕ್‌ಶಾಪಿನ ಶಟರ್ ಎಳೆದ ದಿನ ಗಂಡಸಿನೊಳಗೆ ಏನೋ ಮುರಿಯುತ್ತದೆ, ಬಾಯಿಬಿಟ್ಟು ಹೇಳುವುದಿಲ್ಲ. ಕಾಯುತ್ತಿದ್ದೇನೆ ಅನ್ನುವ ಮಾತಿನ ಕೆಳಗೆ ಬಹಳ ಸಲ ನಾನು ಕಂಡದ್ದು ನಾಚಿಕೆ ಮತ್ತು ಹೆದರಿಕೆ. ಕವರ್ ಒಡೆದರೆ ತಾನು ಸೋತದ್ದು ಅಚ್ಚಾಗಿ ಎದುರಿಗೆ ಬರುತ್ತದೆ ಅನ್ನುವ ಹೆದರಿಕೆ. ವಾದ ಮಾಡಿದರೆ ಇನ್ನೂ ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಹಿಜ್ಕೀಯನ ಅಧ್ಯಾಯವನ್ನು ಇಬ್ಬರೂ ಕೂತು ಓದಿ, ಆಮೇಲೆ ಇದನ್ನು ನಾವೂ ಬಿಚ್ಚಿ ಹರಡೋಣವಾ ಅಂತ ಕೇಳಿ. ಒಪ್ಪದಿದ್ದರೆ ನಿಮ್ಮ ಅಯ್ಯನವರನ್ನು ಅಥವಾ ಅವರು ಮರ್ಯಾದೆ ಕೊಡುವ ಹಿರಿಯರೊಬ್ಬರನ್ನು ಮನೆಗೆ ಕರೆಯಿರಿ. ಎರಡು ಮೂರು ದಿನದಲ್ಲಿ ಅದೂ ಆಗದಿದ್ದರೆ ನೀವೇ ಒಡೆಯಿರಿ. ಜಗಳ ಆಗಬಹುದು, ಆ ಅಪಾಯ ಇದೆ. ಒಡೆಯದಿದ್ದರೆ ಇರುವ ಅಪಾಯ ಅದಕ್ಕಿಂತ ದೊಡ್ಡದು.

ಯಾಕೆಂದರೆ ಆ ಕಾಗದಕ್ಕೆ ಗಡುವು ಇರಬಹುದು. ನಾನು ವಕೀಲನಲ್ಲ, ಆದರೆ ಇಂಥ ಮನೆಗಳ ಜೊತೆ ಬ್ಯಾಂಕಿಗೆ ಓಡಾಡಿ ಕಲಿತದ್ದಿದೆ. ಮನೆ ಅಡವಿಟ್ಟ ಸಾಲದ ಕಂತು ನಿಂತು ಬ್ಯಾಂಕು 2002ರ ಸರ್ಫೇಸಿ ಕಾಯ್ದೆಯಡಿ ನೋಟಿಸ್ ಕಳಿಸಿದ್ದರೆ, ನೋಟಿಸಿನ ತಾರೀಖಿನಿಂದ 60 ದಿನ ಕೊಡುತ್ತದೆ. ಆ ಅವಧಿಯಲ್ಲಿ ನೀವು ಬರಹದಲ್ಲಿ ಆಕ್ಷೇಪಣೆ ಕೊಡಬಹುದು, ಬ್ಯಾಂಕು ಅದಕ್ಕೆ ಉತ್ತರಿಸಬೇಕು. 60 ದಿನ ಕಳೆದರೆ ಮನೆಯನ್ನು ಸ್ವಾಧೀನಕ್ಕೆ ತಗೊಳ್ಳುವ ಕ್ರಮ ಶುರುಮಾಡಬಹುದು. ನಿಮ್ಮಲ್ಲಿ 20 ದಿನ ಆಗಲೇ ಕಳೆದಿದೆ. ಅದು ಬೇರೆ ಸಾದಾ ಪತ್ರವೂ ಆಗಿರಬಹುದು, ಒಡೆಯದೆ ಗೊತ್ತಾಗುವುದಿಲ್ಲ.

ಒಡೆದ ಮೇಲೆ ದಾರಿ ಒಂದೆರಡಿವೆ. ಮ್ಯಾನೇಜರ್ ಹತ್ತಿರ ಹೋಗಿ, ನಿಮ್ಮ ಸಂಬಳದ ಚೀಟಿ ತೋರಿಸಿ, ಕಂತನ್ನು ಚಿಕ್ಕದು ಮಾಡಿ ಅವಧಿ ಉದ್ದ ಮಾಡಲು ಕೇಳಬಹುದು. ಒಪ್ಪಲೇಬೇಕು ಅಂತೇನಿಲ್ಲ, ಒಪ್ಪಿದರೂ ಒಟ್ಟು ಬಡ್ಡಿ ಜಾಸ್ತಿಯಾಗುತ್ತದೆ. ಲೇತ್ ಮಾರಿ ಒಂದೇ ಸಲಕ್ಕೆ ಇತ್ಯರ್ಥ ಮಾಡಿಕೊಳ್ಳುವುದು ಇನ್ನೊಂದು. ಮನೆ ಉಳಿಯಬಹುದು, ಆದರೆ ಮುಂದೆ ಸಾಲ ಬೇಕಾದಾಗ ಆ ದಾಖಲೆ ತೊಡಕಾಗುತ್ತದೆ, ಮತ್ತೆ ನಿಮ್ಮವರಿಗೆ ಆ ಯಂತ್ರ ಬರೀ ಯಂತ್ರ ಅಲ್ಲ ಅನ್ನುವುದು ನಿಮಗೇ ಗೊತ್ತು. ಅದನ್ನು ಅವರ ಬಾಯಿಂದಲೇ ಬರಲು ಬಿಡಿ. ಲೇತ್ ಹಿಡಿದ ಕೈಗೆ ಇನ್ನೊಬ್ಬರ ಶೆಡ್ಡಿನಲ್ಲಿ ಕೆಲಸ ಕೇಳುವುದು ಕಷ್ಟ, ಆದರೆ ಕೇಳಿದವರು ಮತ್ತೆ ಎದ್ದು ನಿಂತದ್ದನ್ನು ನೋಡಿದ್ದೇನೆ. ಒಂದನ್ನು ಮಾತ್ರ ಮಾಡಲೇಬೇಡಿ, ಬ್ಯಾಂಕಿಗೆ ಕಟ್ಟಲು ಮೀಟರ್ ಬಡ್ಡಿಗೆ ಕೈಸಾಲ. ಜಿಲ್ಲಾ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, 15100ಕ್ಕೆ ಫೋನ್ ಮಾಡಿಯೂ ಕೇಳಬಹುದು.

ಇಷ್ಟೆಲ್ಲ ಮಾಡಿದ ಮೇಲೂ ಮನೆ ಉಳಿಯುತ್ತದೆ ಅಂತ ನಾನು ಮಾತು ಕೊಡಲಾರೆ. ಒಪ್ಪಿಸುವುದು ಬೇಕಾಗುವುದು ಅಲ್ಲಿ. ಮ್ಯಾನೇಜರ್ ಏನು ಅನ್ನುತ್ತಾರೋ, ಯಾರು ಕೆಲಸ ಕೊಡುತ್ತಾರೋ, ಅದು ನಿಮ್ಮ ಕೈಯಲ್ಲಿಲ್ಲ. ಕೈಯಲ್ಲಿಲ್ಲದ್ದರ ಪಟ್ಟಿ ಬೇರೆ ಬರೆಯಿರಿ, ಅದನ್ನೇ ಹೆಸರಿಟ್ಟು, ಒಂದೊಂದಾಗಿ ಪ್ರಾರ್ಥನೆಯಲ್ಲಿ ಇಡಿ.

ಆ ಪಟ್ಟಿಯಲ್ಲಿ ಮಗನ ಹೆಸರೂ ಇರಲಿ. ನೀವು ಸಾಲವನ್ನು, ಗಂಡನನ್ನು, ಕಾಯಿಲೆಯನ್ನು ಎಲ್ಲ ಒಪ್ಪಿಸಿದೆ ಅಂತ ಬರೆದಿರಿ, ಅವನಿಗೆ ಬಿ.ಕಾಂ. ಇಷ್ಟ ಅಂತ ಗೊತ್ತಿದ್ದೂ ಸೇರಿಸಲೇಬೇಕು ಅಂತ ಬರೆದಿರಿ. ಇಡೀ ಪತ್ರದಲ್ಲಿ ಮುಷ್ಟಿ ಬಿಗಿಯಾಗಿರುವುದು ಆ ಒಂದು ಸಾಲಿನಲ್ಲಿ ಅಂತ ನನಗೆ ಕಂಡಿತು. ತಪ್ಪಾಗಿದ್ದರೆ ಕ್ಷಮಿಸಿ. ಅವನನ್ನು ಒಂದು ಸಂಜೆ ಕೂರಿಸಿಕೊಂಡು ಯಾಕೆ ಬಿ.ಕಾಂ. ಅಂತ ಕೇಳಿ, ಅವನು ಮುಗಿಸುವವರೆಗೆ ನೀವು ಮಾತಾಡಬೇಡಿ.

ನಾಳೆ ಬೆಳಿಗ್ಗೆ ವೈದ್ಯರಿಗೆ ಫೋನ್. ನಾಳೆ ರಾತ್ರಿ ಊಟವಾದ ಮೇಲೆ ಟೇಬಲ್ ಒರೆಸಿ, ಕವರ್ ಒಡೆದು, ಕಾಗದವನ್ನು ಮಡಿಕೆ ಬಿಚ್ಚಿ ಇಬ್ಬರಿಗೂ ಕಾಣುವ ಹಾಗೆ ಇಡಿ. ಪ್ರಾರ್ಥನೆ ಆಮೇಲೆ ಮಾಡಿ. ಮೇಲಿನ ಬಲಗಡೆ ಯಾವ ತಾರೀಖು ಇದೆ ಅಂತ ನನಗೆ ಬರೆಯಿರಿ.